ಮೊದ್ಲು ಕುಂದ್ರು

ಓನರ್ ಆಂಟಿ ನೆಲದಿಂದ ಏಳುವುದನ್ನು ನೀವು ನೋಡಬೇಕಿತ್ತು! ಚಕ್ಕಳಮಕ್ಕಳ ಹಾಕಿ ಕೂತವರು ಒಂದಿಷ್ಟು ಮುಂದಕ್ಕೆ ಬಾಗಿ, ಪಾದಗಳನ್ನು ಮೈಯಡಿಗೆ ಎಳೆದುಕೊಂಡು, ಬಾವಿಯಿಂದ ತುಂಬಿದ ಕೊಡ ಮೇಲೆ ಬಂದ ಹಾಗೆ ನೆಟ್ಟಗೆ ಬಂದುಬಿಡುತ್ತಿದ್ದರು. ನೆಲಕ್ಕೆ ಕೈ ಊರುತ್ತಿರಲಿಲ್ಲ, ಗೋಡೆ ಹಿಡಿಯುತ್ತಿರಲಿಲ್ಲ, ಬಾಯಿಂದ ‘ಅಯ್ಯಪ್ಪಾ’ ಕೂಡ ಹೊರಡುತ್ತಿರಲಿಲ್ಲ. ಕೈಯಲ್ಲಿ ತುಪ್ಪದ ಬಟ್ಟಲಿದ್ದರೆ ಅದರೊಳಗಿನ ತುಪ್ಪವೂ ಅಲುಗುತ್ತಿರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಎಂದರೆ ಹೊಸಬರು ನಂಬುತ್ತಿರಲಿಲ್ಲ.

ನಾನು ಅದನ್ನು ಮೊದಲು ನೋಡಿದ್ದು ಒಂದು ಶ್ರಾವಣ ಸೋಮವಾರ. ವಿಜಯನಗರದ ಅವರ ಮನೆಯ ಮೊದಲ ಮಹಡಿಗೆ ನಾವು ಬಾಡಿಗೆಗೆ ಬಂದು ತಿಂಗಳೂ ತುಂಬಿರಲಿಲ್ಲ. ಗದಗದ ಕಡೆಯ ಲಿಂಗಾಯತರ ಮನೆ ಅವರದು. ಶ್ರಾವಣದಲ್ಲಿ ಅಯ್ಯನವರನ್ನು ಕರೆದು ಪೂಜೆ ಮಾಡಿಸಿ, ಹಾಲ್ ತುಂಬ ಜಮಖಾನ ಹಾಸಿ, ಬಂದವರನ್ನೆಲ್ಲ ನೆಲದ ಮೇಲೆ ಸಾಲಾಗಿ ಕೂರಿಸಿ ಊಟ ಹಾಕುವುದು ಆ ಮನೆಯ ಪದ್ಧತಿ. ಅಂದು ಪಂಕ್ತಿಯ ತುದಿಯಲ್ಲಿ ಗದಗಿನಿಂದ ತಂದ ಹಳೆಯ ಸಾಗುವಾನಿ ಮಣೆಗಳಲ್ಲಿ ಒಂದರ ಮೇಲೆ ಅಯ್ಯನವರು, ಆಮೇಲೆ ಆಂಟಿಯ ಮಗ, ನನ್ನ ಗಂಡ, ನಾನು, ಪಕ್ಕದ ಬೀದಿಯ ಒಂದಿಬ್ಬರು ಹೆಂಗಸರು. ಆಂಟಿಯ ಸೊಸೆ ಬಡಿಸುತ್ತಿದ್ದರು. ಆಂಟಿ ನನ್ನ ಎದುರು ಸಾಲಿನಲ್ಲಿ ಕೂತಿದ್ದರು.

ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುವವರೆಗೂ ಎಲ್ಲ ಚೆನ್ನಾಗಿತ್ತು. ಊಟ ಮುಗಿಯಿತು, ಎದುರಿಗೆ ಆಂಟಿ ಕೊಡದ ಹಾಗೆ ಮೇಲೆ ಬಂದರು, ಎಲ್ಲರೂ ಎದ್ದರು. ನಾನು ಏಳಲಿಲ್ಲ. ಏಳುವುದಕ್ಕೆ ಆಗಲಿಲ್ಲ! ಒಂದು ಕಾಲು ಮರಗಟ್ಟಿತ್ತು, ಇನ್ನೊಂದು ಮಂಡಿ ಒಪ್ಪುತ್ತಿರಲಿಲ್ಲ. ಎಡಗೈ ಊರಿ ನೋಡಿದೆ, ಮಗ್ಗುಲಾಗಿ ನೋಡಿದೆ, ಸೀರೆ ಕಾಲಿಗೆ ಸಿಕ್ಕಿತು. ಕೊನೆಗೆ ನನ್ನ ಗಂಡ ಒಂದು ರಟ್ಟೆ, ಪಕ್ಕದ ಬೀದಿಯಾಕೆ ಇನ್ನೊಂದು ರಟ್ಟೆ ಹಿಡಿದು ಎಬ್ಬಿಸಿದರು. 

“ಮೊದ್ಲೇ ಹೇಳಿದ್ರೆ ಮೆಟ್ರೋ ಕೆಲ್ಸದವ್ರ ಕ್ರೇನ್ ತರಿಸ್ತಿದ್ದೆ” ಎಂದರು ನನ್ನ ಗಂಡ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಲವತ್ತೈದಕ್ಕೇ ಈ ಗತಿ ಎಂದು ಒಳಗೊಳಗೇ ಕಣ್ಣು ತುಂಬಿತ್ತು.

ಆಂಟಿ ಮಾತ್ರ ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏ ಹುಡುಗಿ, ನಾಳೆ ಬೆಳಿಗ್ಗೆ ಮೆಟ್ಟಿಲ ಹತ್ರ ಬಾ. ಕಾಫಿ ಕುಡ್ಯೋಣ” ಎಂದರು.

ಹುಡುಗಿ! ಅದೊಂದು ಮಾತಿಗೇ ನಾನು ಕರಗಿಹೋಗಬೇಕಿತ್ತು. ಆದರೆ ಬಾಡಿಗೆದಾರರ ಬುದ್ಧಿ ನಿಮಗೂ ಗೊತ್ತಲ್ಲ. ಓನರ್ ಕರೆದರು ಎಂದರೆ ನೀರಿನ ಮೋಟರಿನ ವಿಷಯವೋ, ಗೋಡೆಗೆ ಮೊಳೆ ಹೊಡೆದ ವಿಷಯವೋ ಎಂದು ಗಂಡಹೆಂಡತಿ ಇಬ್ಬರೂ ಆ ಸಂಜೆಯೆಲ್ಲ ಲೆಕ್ಕ ಹಾಕಿದೆವು.

ಬೆಳಿಗ್ಗೆ ಇಳಿದುಹೋದೆ. ಹೊರಗಿನ ಮೆಟ್ಟಿಲ ಮೇಲೆ, ಸಂಪಿಗೆ ಮರದ ನೆರಳು ಬೀಳುವ ಕಡೆ, ಆಂಟಿ ಎರಡು ಸ್ಟೀಲ್ ಲೋಟ ಇಟ್ಟುಕೊಂಡು ಕೂತಿದ್ದರು. ಹಣೆಯ ವಿಭೂತಿ ಇನ್ನೂ ಹಸಿ. ನಾನು ಲೋಟ ತೆಗೆದುಕೊಂಡು ನಿಂತೇ ಗುಟುಕರಿಸತೊಡಗಿದೆ.

“ಕುಂದ್ರು” ಎಂದರು.

“ಇಲ್ಲ ಆಂಟಿ, ಒಲೆ ಮೇಲೆ ಹಾಲು ಇಟ್ಟು ಬಂದಿದೀನಿ, ಇವ್ರ ಡಬ್ಬಿ ಕಟ್ಬೇಕು, ಬ್ಯಾಂಕಿಗೆ ಬೇರೆ ಲೇಟಾಗತ್ತೆ...”

“ಮೊದ್ಲು ಕುಂದ್ರು.”

ಐವತ್ತು ವರ್ಷ ಬೆಂಗಳೂರಿನಲ್ಲಿದ್ದು ಆಂಟಿಯ ಮಾತು ನಮ್ಮ ಹಾಗೇ ಆಗಿಹೋಗಿತ್ತು. ‘ಕುಂದ್ರು’ ಒಂದು ಮಾತ್ರ ಗದಗಿನದೇ ಉಳಿದಿತ್ತು. ಸಿಟ್ಟೋ ಸಂತೋಷವೋ ಹೆಚ್ಚಾದರೆ ಮಿಕ್ಕ ಗದಗವೂ ಅದರ ಹಿಂದೆ ಓಡಿ ಬರುತ್ತಿತ್ತು. ಸೊಸೆ ಇಲ್ಲಿಯೇ ಬಸವೇಶ್ವರನಗರದಲ್ಲಿ ಹುಟ್ಟಿ ಬೆಳೆದವರು. “ಕೂತ್ಕೋ ಅನ್ನಿ ಅತ್ತೆ, ಎಲ್ರೂ ನಗ್ತಾರೆ” ಎಂದು ಆಗಾಗ ತಿದ್ದುತ್ತಿದ್ದರು. “ನಗ್ಲಿ ಬಿಡು. ನಕ್ರೆ ಅವ್ರಿಗೇ ಒಳ್ಳೇದು” ಎನ್ನುತ್ತಿದ್ದರು ಆಂಟಿ.

ಕೂತೆ. ಬೆಳಗಿನ ಕಾಫಿಯನ್ನು ಕೂತು ಕುಡಿದು ಎಷ್ಟು ಕಾಲವಾಗಿತ್ತೋ! ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಲೋಟ, ಅರ್ಧ ಕುಡಿದದ್ದು ಫ್ರಿಡ್ಜಿನ ಮೇಲೆ ಆರಿ ತಣ್ಣಗಾಗಿ ಮಧ್ಯಾಹ್ನ ಸಿಂಕಿಗೆ. ಹಾಗಿತ್ತು ನನ್ನ ಕಾಫಿ. ಅಂದು ಡಿಕಾಕ್ಷನ್ನಿನ ಕಹಿ ನಾಲಿಗೆಗೆ ಸರಿಯಾಗಿ ಸಿಕ್ಕಿತು. ಎದುರು ಮನೆಯ ಗೇಟಿನ ಮೇಲೆ ಗೊರವಂಕ ಕೂತಿರುವುದು ಕಾಣಿಸಿತು.

“ಇಷ್ಟೇ” ಎಂದರು ಆಂಟಿ. “ದಿನಾ ಇಷ್ಟೇ ಮಾಡು. ಬೇರೇನೂ ಬೇಡ.”

ಮೇಲೆ ಹೋದಾಗ ಹಾಲು ಉಕ್ಕಿ ಒಲೆಯೆಲ್ಲ ಅಭಿಷೇಕವಾಗಿತ್ತು. ಅದು ಬೇರೆ ಮಾತು.

ನಿಜ ಹೇಳಬೇಕೆಂದರೆ ನನಗೆ ಆಗ ಬಿಪಿ ಶುರುವಾಗಿತ್ತು. ಡಾಕ್ಟರು ಮಾತ್ರೆ ಕೊಟ್ಟು, ವಾಕಿಂಗ್ ಮಾಡಿ, ಯೋಗ ಮಾಡಿ ಎಂದಿದ್ದರು. ನಾನು ಅರೆಮನಸ್ಸಿನ ಹೆಂಗಸಲ್ಲ. ಯುಗಾದಿಯ ದಿನ ಸಂಕಲ್ಪ ಮಾಡಿ ಶೂ ತಂದೆ, ಯೋಗದ ಮ್ಯಾಟ್ ತಂದೆ, ಹೆಜ್ಜೆ ಎಣಿಸುವ ಗಡಿಯಾರ ತಂದೆ. ಬೇವುಬೆಲ್ಲದ ರುಚಿ ಬಾಯಿಂದ ಹೋಗುವ ಮೊದಲೇ ಸಂಕಲ್ಪ ಹೋಯಿತು. ಮ್ಯಾಟನ್ನು ಏನು ಮಾಡಿದೆ ಎನ್ನುತ್ತೀರಾ? ಟೆರೇಸಿನಲ್ಲಿ ಹಾಸಿ, ಮೇಲೊಂದು ಬಿಳಿ ಪಂಚೆ ಹರಡಿ, ಸಂಡಿಗೆ ಇಟ್ಟೆ. ಸಂಡಿಗೆಗೆ ಅದರಷ್ಟು ಸಮನಾದ ಜಾಗ ಇನ್ನೊಂದಿಲ್ಲ!

ಅದು ಆಂಟಿಯ ಕಣ್ಣಿಗೆ ಬಿತ್ತು. ಮ್ಯಾಟನ್ನು ಬೆರಳಿನಿಂದ ಒತ್ತಿ ನೋಡಿ, “ಏನೇ ಇದು, ಸಂಡಿಗೆಗೆ ಇಷ್ಟು ಮೆತ್ತನೆ ಹಾಸಿಗೆ ಹಾಕಿದೀಯಾ? ಬಾಣಂತಿನಾ ಅದು?” ಎಂದರು. ನಾನು ಯುಗಾದಿಯ ಕಥೆಯನ್ನೆಲ್ಲ ಹೇಳಿದೆ. ಆಂಟಿ ನೀರಿನ ಟ್ಯಾಂಕಿಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಮಂತ್ರ.

“ಹೊಸ ಕರು ತಂದು ಬಯಲಲ್ಲಿ ಬಿಟ್ರೆ ಓಡಿ ಹೋಗ್ದೆ ಇನ್ನೇನು ಮಾಡತ್ತೆ? ಹಳೇ ಹಸು ಪಕ್ಕ ಕಟ್ಬೇಕು ಕಣೇ. ಹಾಲು ದಿನಾ ಕಾಯಿಸ್ತೀಯಲ್ಲ, ಅದು ನಿನ್ನ ಹಳೇ ಹಸು. ಹಾಲಿನ ಮುಂದೆ ನಿಂತಾಗ ಹೇಗೂ ಕದಲೋ ಹಾಗಿಲ್ಲ. ಅಲ್ಲೇ ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲು, ಇಳಿ. ಉಕ್ಕೋ ತನಕ. ಕುಕ್ಕರ್ ಸೀಟಿ ಹಾಕ್ತಾ? ಕುರ್ಚಿಯಿಂದ ಕೈ ಊರ್ದೆ ಎದ್ದು ಕುಂದ್ರು. ರಾತ್ರಿ ಹಾಸಿಗೆ ಹಾಸಿದ್ಯಾ? ಹಿಮ್ಮಡಿಗೆ ಒಂದು ತೊಟ್ಟು ಹರಳೆಣ್ಣೆ. ದಿನವೆಲ್ಲ ನಿನ್ನ ಹೊತ್ಕೊಂಡು ತಿರುಗಿದಾವೆ, ಒಂದು ಥ್ಯಾಂಕ್ಸ್ ಬೇಡ್ವಾ?”

“ಇವತ್ತಿಂದ್ಲೇ ಎಲ್ಲಾ ಮಾಡ್ತೀನಿ ಆಂಟಿ!”

“ನೋಡು, ಮತ್ತೆ ಯುಗಾದಿ ಶುರು ಮಾಡ್ದೆ. ಒಂದೇ ಮಾಡು. ಅದು ಹಲ್ಲುಜ್ಜೋ ಹಾಗೆ ಆಗ್ಲಿ, ಆಮೇಲೆ ಇನ್ನೊಂದು.”

ಹಾಗೇ ಒಂದೊಂದು ಕರು ಕಟ್ಟುತ್ತ ಬಂದೆ. ಮೆಟ್ಟಿಲ ಮೇಲಿನ ಕಾಫಿ ರೂಢಿಯಾಯಿತು. ಹಾಲಿನ ಮುಂದೆ ಹಿಮ್ಮಡಿ ಎತ್ತುವುದೂ ರೂಢಿಯಾಯಿತು. ನನ್ನ ಗಂಡ ಅಡುಗೆಮನೆ ಬಾಗಿಲಲ್ಲಿ ನಿಂತು, “ಹಾಲು ಕಾಯಿಸ್ತಿದೀಯೋ, ಡ್ಯಾನ್ಸ್ ಮಾಡ್ತಿದೀಯೋ?” ಎಂದು ರೇಗಿಸಿದವರು, ಕೆಲವು ದಿನಕ್ಕೆ ಶೇವಿಂಗ್ ಕನ್ನಡಿಯ ಮುಂದೆ ತಾವೂ ಹಿಮ್ಮಡಿ ಎತ್ತುವುದನ್ನು ನಾನು ಕಣ್ಣಾರೆ ಕಂಡೆ! ಬ್ಯಾಂಕಿನಲ್ಲಿ ಮಹಡಿ ಹತ್ತುವಾಗ ಏದುಸಿರು ಕಡಿಮೆಯಾಯಿತು. ಡಾಕ್ಟರು ಬಿಪಿ ನೋಡಿ, “ಏನ್ ಮಾಡ್ತಿದೀರಾ ಮೇಡಂ?” ಎಂದರು. “ಕಾಫಿ ಕುಡೀತಿದೀನಿ ಸಾರ್” ಎಂದೆ. ಅವರ ಮುಖ ನೋಡಬೇಕಿತ್ತು.

ಆದರೂ ನೆಲದಿಂದ ಕೈ ಊರದೆ ಏಳುವುದೊಂದು ನನಗೆ ಒಲಿದಿರಲಿಲ್ಲ. “ಬರತ್ತೆ ಬಿಡು” ಎನ್ನುತ್ತಿದ್ದರು ಆಂಟಿ. “ನಾನಂತೂ ರೂಢಿ ಬಿಡೋ ಹಾಗಿಲ್ಲ. ನಮ್ಮವರಲ್ಲಿ ಸತ್ರೆ ಮಲಗ್ಸಲ್ಲ ಕಣೇ, ಕೂರ್ಸೇ ಮಣ್ಣು ಮಾಡೋದು. ಕೊನೇಗೆ ಕೂತ್ಕೊಂಡೇ ಹೋಗ್ಬೇಕು ಅಂದ್ಮೇಲೆ ನೆಲ ಕಂಡ್ರೆ ಹೆದರೋಕಾಗತ್ತಾ?”

ಅಂಥವರ ಕಾಲು ಮುರಿಯಿತು.

ಅವರೆಕಾಯಿ ಆಗಷ್ಟೇ ಬರತೊಡಗಿದ್ದ ಕಾಲ. ಮಾರ್ಕೆಟ್ಟಿನ ಹತ್ತಿರ ಫುಟ್‌ಪಾತಿನ ಕಲ್ಲು ಎದ್ದಿದ್ದ ಕಡೆ ಕಾಲು ತಿರುಚಿ ಬಿದ್ದರು. ಆಟೋದಲ್ಲಿ ಕರೆತಂದವರು, “ಅಜ್ಜಿ ಚೀಲ ಮಾತ್ರ ಬಿಡ್ಲಿಲ್ಲ ಮೇಡಂ, ಒಂದು ಕಾಯೂ ಚೆಲ್ಲಿಲ್ಲ” ಎಂದರು. ಪಾದದ ಗೆಣ್ಣಿನ ಮೂಳೆ ಬಿರುಕು ಬಿಟ್ಟಿತ್ತು. ಸೊಸೆ ಆಫೀಸಿಗೆ ರಜೆ ಹಾಕಿ, ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಸ್ನಾನ ಎಲ್ಲವನ್ನೂ ನೋಡಿಕೊಂಡರು. ಪ್ಲಾಸ್ಟರ್ ಬಿಚ್ಚಿದ ದಿನ ಆಸ್ಪತ್ರೆಯಲ್ಲಿ ಡಾಕ್ಟರು, “ಅಜ್ಜಿ, ಸದ್ಯಕ್ಕೆ ನೆಲದ ಮೇಲೆ ಕೂರೋದು ಬೇಡ, ಕುರ್ಚೀಲೇ ಕೂತ್ಕೊಳ್ಳಿ” ಎಂದರಂತೆ. ಸೊಸೆ ಅಂದೇ ಪೂಜೆಗೆಂದು ಮೆತ್ತೆ ಇರುವ ಒಳ್ಳೆಯ ಕುರ್ಚಿ ತಂದರು.

ಆಂಟಿಗೆ ಅದು ಎಂಥ ಪೆಟ್ಟು ಎಂದು ನನಗೆ ಮೊದಲು ಅರ್ಥವಾಗಲಿಲ್ಲ. ಮದುವೆಗೆ ಮೊದಲಿಂದ ಒಂದು ದಿನ ತಪ್ಪದೆ, ಸ್ನಾನ ಮಾಡಿ ವಿಭೂತಿ ಹಚ್ಚಿ, ನೆಲದ ಮೇಲೆ ಕೂತು, ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತ ಕೂರುವುದೇ ಅವರ ಬೆಳಗು. ಮಿಕ್ಕ ಅಭ್ಯಾಸವೆಲ್ಲ ಆ ಒಂದು ಹಸುವಿಗೆ ಕಟ್ಟಿದ ಕರುಗಳು. ಈಗ ಹಸುವೇ ಗೂಟ ಕಿತ್ತುಕೊಂಡು ಹೋಗಿತ್ತು.

“ಕುರ್ಚಿ ಮೇಲೆ ಕೂತು ಶಿವನ್ನ ನೋಡಿದ್ರೆ, ಅವನನ್ನ ಇಂಟರ್‌ವ್ಯೂ ಮಾಡ್ದಂಗೆ ಆಗತ್ತೆ ಕಣೇ” ಎಂದರು ಒಂದು ದಿನ. ನಗಿಸಲೆಂದೇ ಹೇಳಿದ್ದು. ಆದರೆ ಹೇಳಿದವರು ನಗಲಿಲ್ಲ. ಆಮೇಲಾಮೇಲೆ ಮೆಟ್ಟಿಲಿಗೆ ಬರುವುದು ಬಿಟ್ಟರು. ತಲೆಗೆ ಎಣ್ಣೆ ಬಿಟ್ಟರು. ಊಟ ಎಂದರೆ ‘ಆಮೇಲೆ’ ಎನ್ನುವರು. ಪೂಜೆ ಮುಗಿಸಿ ಕುರ್ಚಿಯಲ್ಲೇ ಟಿವಿಯ ಕಡೆ ತಿರುಗಿ ಕೂತರೆ ಸಂಜೆಯವರೆಗೂ ಅಲ್ಲೇ. ಅಷ್ಟು ಚುರುಕಾಗಿದ್ದ ಮೈ ನಮ್ಮ ಕಣ್ಣೆದುರೇ ಸೊರಗುತ್ತಿತ್ತು.

ಒಂದು ಬೆಳಿಗ್ಗೆ ನಾನೇ ಎರಡು ಲೋಟ ಕಾಫಿ ಹಿಡಿದು ಕೆಳಗೆ ಇಳಿದೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗಿಯೂ ಅಲ್ಲಿದ್ದಳು.

“ಇವ್ರು ನೆಲದ ಮೇಲೆ ಕೂರೋದು ಇನ್ನು ಆಗೋದೇ ಇಲ್ವಾ?” ಎಂದು ಕೇಳಿಯೇಬಿಟ್ಟೆ.

“ಯಾಕಾಗಲ್ಲ? ಮೂಳೆ ಚೆನ್ನಾಗಿ ಕೂಡಿದೆ, ನಾನು ಡಾಕ್ಟರನ್ನೂ ಕೇಳ್ತೀನಿ” ಎಂದಳು ಅವಳು. “ಆದ್ರೆ ಒಂದೇ ಸಲ ಬೇಡ. ಕೂರೋ ಎತ್ತರ ಸ್ವಲ್ಪ ಸ್ವಲ್ಪ ಇಳಿಸ್ತಾ ಬರ್ಬೇಕು. ಹಿಂದೆ ಒಬ್ರು ನಿಂತಿರ್ಲೇಬೇಕು.”

“ಬಿದ್ರೆ?” ಎಂದರು ಸೊಸೆ. “ನಿಮ್ಗೇನಕ್ಕಾ, ಹೇಳ್ಬಿಟ್ಟು ಮೇಲೆ ಹೋಗ್ತೀರಾ. ಆವತ್ತು ಆಟೋ ಬಾಗ್ಲಲ್ಲಿ ನಿಂತಾಗ ನನ್ನ ಜೀವ ಹೋಗಿತ್ತು.”

ಆಂಟಿ ಸೊಸೆಯ ಮುಖ ನೋಡಿದರು. “ಹೋಗ್ಲಿ ಬಿಡವ್ವ. ಕುರ್ಚಿನೇ ಇರ್ಲಿ” ಎಂದರು, ತುಂಬ ಮೆಲ್ಲಗೆ. ಜೀವಮಾನದಲ್ಲಿ ಅಷ್ಟು ಸುಲಭವಾಗಿ ಅವರು ಯಾವುದನ್ನೂ ಬಿಟ್ಟುಕೊಟ್ಟವರಲ್ಲ. ಅದನ್ನು ಕೇಳಿ ಸೊಸೆ ಸರಕ್ಕನೆ ಎದ್ದು ಒಳಗೆ ಹೋದರು. ಕೋಪ ಬಂತೇನೋ ಎಂದುಕೊಂಡೆ. ಒಳಗಿಂದ ದಡಬಡ ಸದ್ದು. ಆಚೆ ಬಂದಾಗ ಅವರ ತೋಳಲ್ಲಿ ಗದಗಿನಿಂದ ಬಂದ ಆ ಸಾಗುವಾನಿ ಮಣೆಗಳು, ಗಲ್ಲದವರೆಗೆ!

“ಇವನ್ನ ಒಂದರ ಮೇಲೊಂದು ಇಟ್ರೆ ಕುರ್ಚಿಯಷ್ಟೇ ಎತ್ತರ ಆಗತ್ತಲ್ಲ? ಆಮೇಲೆ ಒಂದೊಂದೇ ತೆಗೀತಾ ಬರೋದು” ಎಂದರು. “ಹಿಂದೆ ನಾನೇ ನಿಲ್ತೀನಿ. ಆದ್ರೆ ಅತ್ತೆ, ಬಿದ್ರೆ ಮಾತ್ರ ನಾನು ನಿಮ್ಹತ್ರ ಮಾತಾಡಲ್ಲ!”

ಫಿಸಿಯೋ ಹುಡುಗಿ ಚಪ್ಪಾಳೆ ತಟ್ಟಿದಳು. ಮಣೆಗಳು ಜಾರದ ಹಾಗೆ ಸೊಸೆ ಅವನ್ನು ಹಳೆಯ ದುಪಟ್ಟಾದಿಂದ ಬಿಗಿದು ಕಟ್ಟಿ, ಗೋಡೆಗೆ ಒತ್ತಿ ಇಟ್ಟರು. ಡಾಕ್ಟರ ಒಪ್ಪಿಗೆಯೂ ಸಿಕ್ಕಿತು. ಮುಂದಿನದೆಲ್ಲ ನಮ್ಮ ಮನೆಯ ಹಬ್ಬ! ಕುಕ್ಕರ್ ಸೀಟಿ ಹಾಕಿದಾಗ ಆಂಟಿ ಮಣೆಯಿಂದ ಏಳಬೇಕು, ಕೂರಬೇಕು. ನಮ್ಮ ಮನೆಯ ಸೀಟಿಯೂ ಅವರ ಲೆಕ್ಕಕ್ಕೆ ಸೇರಿತು. ಕೆಳಗಿನಿಂದ, “ಏ ಹುಡುಗಿ, ಇವತ್ತು ಬೇಳೆ ಬೇಯ್ಸಲ್ವೇನೇ?” ಎಂದು ಕೂಗುವರು. ಬೇಳೆ ಬೇಡದ ದಿನವೂ ನಾನು ಕುಕ್ಕರ್ ಇಟ್ಟಿದ್ದೇನೆ.

ಒಂದು ಮಣೆ ಕಡಿಮೆಯಾದ ದಿನ ಆಂಟಿಯ ಮಗ ಆಫೀಸಿನಿಂದ ಫೋನ್ ಮಾಡಿ ಕೇಳುವರು. ನನ್ನ ಗಂಡ ಮೆಟ್ಟಿಲಿಳಿಯುವಾಗಲೇ, “ಎಷ್ಟನೇ ಫ್ಲೋರು ಆಂಟಿ?” ಎನ್ನುವರು. “ಇಳೀತಾ ಇದೀನಪ್ಪಾ, ಗ್ರೌಂಡ್ ಫ್ಲೋರ್ ಬಂದ್ರೆ ಲಿಫ್ಟ್ ನಿಲ್ಸು” ಎಂದು ಆಂಟಿ. ನಡುವೆ ಒಮ್ಮೆ ಪಾದ ಊದಿತು. ಫಿಸಿಯೋ ಹುಡುಗಿ ಹೇಳಿದಂತೆ ಕೆಲವು ದಿನ ಎಲ್ಲ ನಿಲ್ಲಿಸಿ, ತೆಗೆದ ಮಣೆಯನ್ನು ಮತ್ತೆ ಇಟ್ಟೆವು. ನಾನು ಪೆಚ್ಚಾದೆ. ಆಂಟಿ ಮಾತ್ರ, “ಇಟ್ಟಿದ್ದು ತೆಗಿಯೋಕ್ ಬರತ್ತಲ್ಲ, ಸುಮ್ನಿರು” ಎಂದರು. ಅಷ್ಟರಲ್ಲಿ ಮೆಟ್ಟಿಲ ಕಾಫಿ ತಾನಾಗಿ ವಾಪಸ್ ಬಂದಿತ್ತು, ತಲೆಗೆ ಎಣ್ಣೆ ಬಂದಿತ್ತು, “ಹಸಿವು ಕಣೇ” ಎಂಬ ಮಾತೂ ಬಂದಿತ್ತು.

ಶಿವರಾತ್ರಿಯ ಬೆಳಿಗ್ಗೆ ಕೊನೆಯ ಮಣೆಯನ್ನೂ ತೆಗೆದು ಬರೀ ಚಾಪೆ ಹಾಸಿದ್ದರು. ನಾವು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು. ಆಂಟಿ ಮೆಲ್ಲಗೆ ಕೂತರು. ಇಷ್ಟಲಿಂಗ ಅಂಗೈಗೆ ಬಂತು. ಎಷ್ಟು ಹೊತ್ತು ನೋಡುತ್ತ ಕೂತಿದ್ದರೋ! ಪೂಜೆ ಮುಗಿಸಿ, ಒಂದಿಷ್ಟು ಮುಂದಕ್ಕೆ ಬಾಗಿದರು. ಸೊಸೆಯ ಎರಡು ಕೈಯೂ ಅತ್ತೆಯ ಬೆನ್ನ ಹಿಂದೆ, ಮುಟ್ಟಿಯೂ ಮುಟ್ಟದ ಹಾಗೆ. ಮೊಣಕಾಲು ಒಮ್ಮೆ ನಡುಗಿತು. ಆಮೇಲೆ ಎದ್ದು ನಿಂತರು. ನೆಲಕ್ಕೆ ಕೈ ಊರಲಿಲ್ಲ!

“ಏಳಾಕ ಬಂತವ್ವಾ, ಏಳಾಕ ಬಂತು!” ಗದಗ ಪೂರ್ತಿ ಓಡಿ ಬಂದಿತ್ತು. ಸೊಸೆ ಅಳುತ್ತ ನಗುತ್ತ ಅತ್ತೆಯನ್ನು ತಬ್ಬಿಕೊಂಡರು. ಆ ತಬ್ಬುಗೆಯ ಮೇಲಿಂದಲೇ ಆಂಟಿ ನನಗೆ ಬೆರಳು ತೋರಿಸಿದರು. “ಈಗ ನೀನು! ಏನ್ ನೋಡ್ತೀ? ಕುಂದ್ರು!”

ಸೀರೆ ಎತ್ತಿ ಕಟ್ಟಿ ಕೂತೆ. ಬಾಗಿದೆ. ಬಿದ್ದೆ. ಇನ್ನೊಂದು ಸಲ ಬಾಗಿದೆ. ಎದ್ದೆ! ನಾನೇ ನಂಬಲಿಲ್ಲ. ನನ್ನ ಗಂಡ, “ಕ್ರೇನ್ ಕ್ಯಾನ್ಸಲ್!” ಎಂದು ಬೀದಿಗೆ ಕೇಳುವ ಹಾಗೆ ಕೂಗಿದರು.

ಆಮೇಲೆ ಎರಡು ಶ್ರಾವಣ ಅವರು ಎದುರು ಸಾಲಿನಲ್ಲಿ ಕೂತು ನನ್ನ ಮೇಲೆ ಕಣ್ಣಿಟ್ಟರು. ಮೂರನೆಯದು ಬರಲಿಲ್ಲ. ಒಂದು ಬೆಳಿಗ್ಗೆ ಪೂಜೆ ಮುಗಿಸಿ, ನನ್ನ ಜೊತೆ ಕಾಫಿ ಕುಡಿದು, “ಯಾಕೋ ಒಂದು ಗಳಿಗೆ ಮಲಗ್ತೀನಿ ಕಣೇ” ಎಂದು ಒಳಗೆ ಹೋದವರು ಏಳಲಿಲ್ಲ.

ಅವರ ಸಂಪ್ರದಾಯದಂತೆ ಕೂರಿಸಿದ್ದರು. ಹಾಲ್‌ನಲ್ಲಿ ಗೋಡೆಗೆ ಒರಗಿಸಿ, ಕಾಲು ಮಡಚಿ, ಹಣೆ ತುಂಬ ವಿಭೂತಿ, ಎಡ ಅಂಗೈ ಮೇಲೆ ಇಷ್ಟಲಿಂಗ. ಕೆಳಗೆ ಸಾಗುವಾನಿಯ ಒಂದು ಮಣೆ. ಬಂದವರೆಲ್ಲ ಅಳುತ್ತಿದ್ದರು. ನಾನೂ ಅತ್ತೆ. ಆದರೆ ಎಷ್ಟು ನೆಟ್ಟಗೆ ಕೂತಿದ್ದರು ಗೊತ್ತೇ? ಹೆಗಲ ಮೇಲೆ ಹೊತ್ತ, ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಹಾಗೆಯೇ ಕೂತು ನಮ್ಮ ಬೀದಿಯನ್ನು ದಾಟಿಹೋದರು.

ಕಾರ್ಯದ ದಿನ ಪಂಕ್ತಿ ಊಟ. ಅದೇ ಹಾಲ್, ಅದೇ ಜಮಖಾನ. ಎದುರು ಸಾಲಿನಲ್ಲಿ ಆಂಟಿ ಕೂರುತ್ತಿದ್ದ ಕಡೆ ಸೊಸೆ ಕೂತಿದ್ದರು. ಊಟ ಮುಗಿಯಿತು. ನಾನು ಎದ್ದೆ, ಕೈ ಊರದೆ. ಸೊಸೆ ಅದನ್ನೇ ನೋಡುತ್ತಿದ್ದರು. ಅವರು ಏಳಲು ಹೋಗಿ ಗೋಡೆ ಹಿಡಿದು ಮತ್ತೆ ಕೂತರು.

ಮಾರನೆಯ ಬೆಳಿಗ್ಗೆ ನಾನು ಹಾಲು ಇಳಿಸಿ, ಕಾಫಿ ಬೆರೆಸಲೋ ಬೇಡವೋ ಎಂದು ನಿಂತಿದ್ದೆ. ಬಾಗಿಲ ಬಳಿ ಸದ್ದಾಯಿತು. ಸೊಸೆ ಎರಡು ಸ್ಟೀಲ್ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು.

“ಅಕ್ಕಾ, ಕುಂದ್ರಿ” ಎಂದರು.